ನಲವತ್ತು ಸಾವಿರದ ಎಂಟುನೂರು ಬಾಯಿಗಳು

ಸರ್ಕಾರಿ ದಾಖಲೆಯಲ್ಲಿ ಕೈಗೆ ಬಾಯಿ ಎಂದು ಬರೆದವಳು ನಾನೇ. ಕಣ್ತಪ್ಪಿ ಒಂದು ಸಲ ಬರೆದದ್ದಲ್ಲ. ನಲವತ್ತು ಸಾವಿರದ ಎಂಟುನೂರು ಸಲ, ಹಾಡುಹಗಲೇ, ಕೇಂದ್ರದ ನಿರ್ದೇಶಕರ ಕಣ್ಣೆದುರೇ ಬರೆದೆ, ಬರೆಸಿದೆ. ಅದಕ್ಕಾಗಿ ನನ್ನ ಮೇಲೆ ವಿಚಾರಣೆಯೂ ನಡೆಯಿತು. "ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಟ್ಬಿಡಿ ಮೇಡಂ, ಮುಗಿದ್ಹೋಗುತ್ತೆ" ಎಂದು ಹಿತೈಷಿಗಳು ಹೇಳಿದರು. ಬರೆದುಕೊಡಲಿಲ್ಲ. ತಪ್ಪು ಮಾಡಿದ್ದೇನೋ ಹೌದು, ಆದರೆ ಅವರು ಹೇಳುವ ತಪ್ಪಲ್ಲ. ನನ್ನ ನಿಜವಾದ ತಪ್ಪು ಅದಕ್ಕೂ ಸುಮಾರು ಮೂರು ವಾರ ಮುಂಚಿನದು. ಅದರ ಬಗ್ಗೆ ಯಾರೂ ನನಗೆ ನೋಟಿಸು ಕೊಡಲಿಲ್ಲ.

ನನ್ನ ಹೆಸರು ರೂಪಕಲಾ. ಮೈಸೂರಿನ ದೃಶ್ಯಸಾರ ಕೇಂದ್ರದಲ್ಲಿ ಹಿರಿಯ ಗುಣಮಟ್ಟ ಪರೀಕ್ಷಕಿ. ಹಳೆಯ ವಿಡಿಯೋಗಳನ್ನು ಹೊಸ ರೂಪಕ್ಕೆ ಬದಲಾಯಿಸುವುದು ಕೇಂದ್ರದ ಕೆಲಸ. ಬದಲಾದ ಮೇಲೆ ಗುಣಮಟ್ಟ ಕೆಟ್ಟಿಲ್ಲವೆಂದು ರುಜು ಹಾಕುವುದು ನನ್ನ ಕೆಲಸ.

ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಮದುವೆಯ ಕ್ಯಾಸೆಟ್ಟನ್ನು ಸಿ.ಡಿ.ಗೆ ಹಾಕಿಸಿದೆವು, ಸಿ.ಡಿ.ಯಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಮೊಬೈಲಿಗೆ. ಪ್ರತಿ ಸಲವೂ ಚಿತ್ರ ಅಷ್ಟಷ್ಟು ಮಬ್ಬಾಗುತ್ತಿತ್ತು, ಜೆರಾಕ್ಸಿನ ಜೆರಾಕ್ಸು ತೆಗೆದ ಹಾಗೆ. ಸಾರ ಕಡತ ಬಂದದ್ದು ಈ ಗೋಳು ತಪ್ಪಿಸಲಿಕ್ಕೆ. ಅದು ಚಿತ್ರವನ್ನು ಇಟ್ಟುಕೊಳ್ಳುವುದೇ ಇಲ್ಲ. ಚಿತ್ರದಲ್ಲಿ ಏನೇನಿದೆ ಎಂಬ ವಿವರವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ನೋಡಲು ಕೂತಾಗ ಯಂತ್ರ ಆ ವಿವರವನ್ನು ಓದಿ, ತನಗೆ ಗೊತ್ತಿರುವ ಕೋಟಿಗಟ್ಟಲೆ ಮುಖ, ಮರ, ಸೀರೆ, ಗೋಡೆಗಳ ಆಧಾರದಿಂದ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಸಾರನ್ನು ಡಬ್ಬಿಯಲ್ಲಿ ತುಂಬಿಡುವ ಬದಲು, ಮಾಡುವ ವಿಧಾನವನ್ನು ಚೀಟಿಯಲ್ಲಿ ಬರೆದಿಟ್ಟಂತೆ. ಹಳೆಯ ಮಬ್ಬು ವಿಡಿಯೋ ಹಾಕಿದರೆ ನಿನ್ನೆ ತೆಗೆದಷ್ಟು ಚೊಕ್ಕವಾಗಿ ಹೊರಬರುತ್ತದೆ. ಜಾಗ ಸಾವಿರದಲ್ಲಿ ಒಂದು ಪಾಲು.

ದತ್ತಾಂಶದ ಉಗ್ರಾಣಗಳು ಊರಿಗಿಂತ ಹೆಚ್ಚು ಕರೆಂಟು, ಹೆಚ್ಚು ನೀರು ಕುಡಿಯತೊಡಗಿದಾಗ ಕಾನೂನು ಬಂತು: ಎಲ್ಲ ವಿಡಿಯೋಗಳೂ ಸಾರ ಕಡತವಾಗಬೇಕು. ಪರೀಕ್ಷಕರ ರುಜು ಬಿದ್ದ ಇಪ್ಪತ್ತೊಂದನೆಯ ದಿನ ಹಳೆಯ ಕಡತ ತಾನಾಗಿ ಅಳಿಸಿಹೋಗಬೇಕು. ವರ್ಷ ಮುಗಿದರೆ ಹಳೆಯ ರೂಪಗಳನ್ನು ಓದುವ ಯಂತ್ರಗಳೂ ಇರುವುದಿಲ್ಲ. ಹಾಗಾಗಿ ಕದ್ದು ಒಂದು ಪ್ರತಿ ಇಟ್ಟುಕೊಂಡರೂ ಅದನ್ನು ಆಡಿಸುವ ದಾರಿಯಿಲ್ಲ.

ಮೊದಮೊದಲು ಜನ ಜಗಳಕ್ಕೆ ಬಂದರು. ತಾತ ಆಡಿದ ಮಾತಿಗೂ ತುಟಿಗೂ ಹೊಂದುತ್ತಿಲ್ಲ ಎಂದರು. ಅದಕ್ಕೆ ಬಾಯಿಬೀಗ ಬಂತು. ಮಾತಾಡುವ ಬಾಯಿ ಎಲ್ಲಿದೆ ಎಂದು ಯಂತ್ರವೇ ಹುಡುಕಿ ಅದರ ಸುತ್ತ ಒಂದು ಚೌಕ ಹಾಕುತ್ತದೆ. ಚೌಕದ ಒಳಗಿನದನ್ನು ಮುಟ್ಟುವುದಿಲ್ಲ, ಹಳೆಯದು ಹೇಗಿತ್ತೋ ಹಾಗೇ ಎತ್ತಿಡುತ್ತದೆ. ಉಳಿದದ್ದೆಲ್ಲ ಹೊಸ ಬರವಣಿಗೆ. ಮಾತಿನ ಧ್ವನಿಯೇ ಕೇಳಿಸದ ವಿಡಿಯೋ ಬಂದರೆ ಅದಕ್ಕೆ "ಮಾತಿಲ್ಲ" ಎಂಬ ಚೀಟಿ ಅಂಟುತ್ತದೆ. ಬೀಗ ಬೇಡ, ಪರೀಕ್ಷಕರು ನೋಡಬೇಕಾಗಿಯೂ ಇಲ್ಲ. ಇನ್ನೂರು ಮುನ್ನೂರು ಕಡತಗಳನ್ನು ಒಟ್ಟುಹಾಕಿ ಒಂದೇ ರುಜು.

ಹಾಗೆ ಒಟ್ಟುಹಾಕಿದ ಒಂದು ಕಂತಿಗೆ ನಾನು ರುಜು ಹಾಕಿದೆ. ಅದರಲ್ಲಿ ನಮ್ಮಪ್ಪನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ವಿಡಿಯೋಗಳಿದ್ದವು. ಕಿವುಡ ತಂದೆತಾಯಿಗೆ ಹುಟ್ಟಿ, ಬಾಯಿಮಾತಿಗಿಂತ ಮೊದಲು ಕೈಮಾತು ಕಲಿತ ನಾನು, ನಮ್ಮಪ್ಪನಿಗೆ "ಮಾತಿಲ್ಲ" ಎಂದು ಒಪ್ಪಿ ರುಜು ಹಾಕಿದ್ದೆ. ತಪ್ಪು ಎಂದರೆ ಇದು.

*

ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ. ಲಷ್ಕರ್ ಮೊಹಲ್ಲಾದ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮ ಅಂಬುಜಮ್ಮನಿಗೆ ಎಂಬತ್ತು. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಅವಳು ಅಪ್ಪನ ವಿಡಿಯೋ ಒಂದನ್ನು ಹಾಕಿಕೊಂಡು ಕೂರುತ್ತಾಳೆ. ಅಪ್ಪ ಹೋಗಿ ಮೂವತ್ತಾರು ವರ್ಷವಾದರೂ ಅವರ ಮಾತುಕತೆ ನಿಂತಿಲ್ಲ. ಅವನು ಪರದೆಯಲ್ಲಿ ಹೇಳುತ್ತಾನೆ, ಇವಳು ಕುರ್ಚಿಯಲ್ಲಿ ಕೂತು ಉತ್ತರ ಕೊಡುತ್ತಾಳೆ, ನಡುನಡುವೆ ರೇಗುತ್ತಾಳೆ ಕೂಡ. ಆ ದಿನ ಹೊಸ ಸಾರ ಕಡತ ಮನೆಗೆ ಬಂದಿತ್ತು. ನಾನೇ ಹೆಮ್ಮೆಯಿಂದ ಹಾಕಿಕೊಟ್ಟೆ.

ಚಿತ್ರ ಎಷ್ಟು ಚೆನ್ನಾಗಿತ್ತು ಎಂದರೆ ಅಪ್ಪನ ಅಂಗಿಯ ನೂಲು ಎಣಿಸಬಹುದಿತ್ತು. ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದಿತ್ತು. ಅಮ್ಮ ಐದು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೈಯಲ್ಲಿ ಕೇಳಿದಳು. ಅವಳ ಕೈಮಾತನ್ನು ಇಲ್ಲಿ ಬಾಯಿಮಾತಾಗಿ ಬರೆಯುತ್ತಿದ್ದೇನೆ, ಬೇರೆ ದಾರಿಯಿಲ್ಲ.

"ಯಾರಿವನು?"

"ಅಪ್ಪ ಕಣಮ್ಮ!"

"ಮುಖ ಅವರ್ದೇ. ಮಾತಾಡ್ತಿರೋನು ಬೇರೆ ಯಾವನೋ. ಎಡಗೈ ನೋಡು."

ನೋಡಿದೆ.

ಅಪ್ಪ ಚೆನ್ನಕೇಶವ ಅಚ್ಚುಮೊಳೆ ಜೋಡಿಸುವವನು. ಅವನಿದ್ದ ಮುದ್ರಣಾಲಯದಲ್ಲಿ ಒಂಬತ್ತು ಜನರಲ್ಲಿ ಆರು ಜನ ಕಿವುಡರು. ಯಂತ್ರದ ಸದ್ದಿಗೆ ತಲೆ ಕೆಡುವುದಿಲ್ಲ, ಹರಟೆ ಹೊಡೆಯುವುದಿಲ್ಲ ಎಂದು ಮಾಲೀಕರು ಹುಡುಕಿ ಸೇರಿಸಿಕೊಂಡಿದ್ದರು. ಹರಟೆ ಹೊಡೆಯುವುದಿಲ್ಲವಂತೆ! ಮೊಳೆ ಜೋಡಿಸುವವನ ಎಡಗೈಯಲ್ಲಿ ಸದಾ ಒಂದು ಲೋಹದ ಪಟ್ಟಿ ಇರುತ್ತದೆ. ಬಲಗೈ ಗೂಡುಗಳಿಂದ ಒಂದೊಂದೇ ಅಕ್ಷರ ಆರಿಸಿ ತಂದು ಆ ಪಟ್ಟಿಯಲ್ಲಿ ನಿಲ್ಲಿಸುತ್ತದೆ. ಕೊನೆಯ ಅಕ್ಷರ ಬೀಳದಂತೆ ಎಡ ಹೆಬ್ಬೆರಳು ಒತ್ತಿ ಹಿಡಿದಿರಬೇಕು. ಹಾಗಾಗಿ ಆ ಆರು ಜನ ಒಂದೇ ಕೈಯಲ್ಲಿ ಮಾತಾಡುವುದನ್ನು ಕಟ್ಟಿಕೊಂಡರು. ಶಾಲೆಯಲ್ಲಿ ಕಲಿತ ಎರಡು ಕೈಯ ಮಾತು ಅವರ ಬಲಗೈಯೊಂದರೊಳಗೆ ಬೇರೆಯೇ ಮಾತಾಗಿ ಬೆಳೆಯಿತು. ಊರಿನ, ಜನರ ಹೆಸರುಗಳನ್ನು ಹೇಳಲು ಎದುರಿಗೆ ಅಕ್ಷರದ ಗೂಡುಗಳೇ ಇವೆಯೇನೋ ಎಂಬಂತೆ ಗಾಳಿಯಲ್ಲಿ ಆಯಾ ಗೂಡಿಗೆ ಬೆರಳು ಚಾಚುತ್ತಿದ್ದರು. ಎರಡು ಬೆರಳಗಲ ಅತ್ತಿತ್ತಾದರೆ ಹೆಸರೇ ಬೇರೆ. ಪ್ರೆಸ್ಸು ಮುಚ್ಚಿ, ಪಟ್ಟಿ ಕೈಬಿಟ್ಟು ಎಷ್ಟೋ ವರ್ಷವಾದ ಮೇಲೂ ಅವರು ಮಾತಾಡುವಾಗ ಎಡಗೈ ಎದೆಗೆ ಮಡಚಿಕೊಂಡೇ ಇರುತ್ತಿತ್ತು, ಹೆಬ್ಬೆರಳು ಒತ್ತಿಕೊಂಡೇ ಇರುತ್ತಿತ್ತು. ಕಾಲೇಜು ಓದುವಾಗ ನಾನು ಬಾಡಿಗೆ ಹ್ಯಾಂಡಿಕ್ಯಾಮಿನಲ್ಲಿ ಅವರ ಹರಟೆಯನ್ನು ಹಿಡಿದಿಟ್ಟಿದ್ದೆ. ಆ ಮಾತಿಗೆ ಬೇರೆ ದಾಖಲೆ ಇಲ್ಲ.

ಹೊಸ ಚಿತ್ರದಲ್ಲಿ ಅಪ್ಪನ ಎಡಗೈ ಎದೆಯಿಂದ ಇಳಿದಿತ್ತು. ಬಲಗೈಯ ಜೊತೆ ಅಂದವಾಗಿ ಆಡುತ್ತಿತ್ತು, ಭಾಷಣಕಾರರು ಆಡಿಸುವ ಹಾಗೆ. ಅಲುಗಾಡದ ಕೈ ಯಂತ್ರಕ್ಕೆ ಸಹಜವೆನಿಸಿರಲಿಲ್ಲ, ಪಾಪ, ಸರಿಮಾಡಿತ್ತು. ಬಲಗೈಯ ಚಾಚುಗಳನ್ನೂ ನಯಗೊಳಿಸಿ ಎದೆಯ ಮುಂದಕ್ಕೆ ತಂದಿತ್ತು.

"ನನ್ನ ಒಂದ್ಸಲನೂ ಕರೀಲಿಲ್ಲ," ಎಂದಳು ಅಮ್ಮ.

ಅವಳಿಗೆ ಅಪ್ಪ ಇಟ್ಟ ಹೆಸರು ಒಂದು ಖಾಲಿ ಗೂಡು. ನೂರಾರು ಗೂಡುಗಳಲ್ಲಿ ಬಲಗಡೆ ಕೆಳಮೂಲೆಯದು ಒಂದು ಖಾಲಿಯಿತ್ತು, ಅದರಲ್ಲಿ ಅಪ್ಪ ಲವಂಗ ಇಟ್ಟುಕೊಳ್ಳುತ್ತಿದ್ದ. ಬೆಳಗಿನಿಂದ ಸಂಜೆವರೆಗೆ ಸೀಸದ ವಾಸನೆಯ ನಡುವೆ ಕೈ ಹಿತವಾಗಿ ಹೋಗಿ ಬರುವ ಜಾಗ ಅದೊಂದೇ. ಮದುವೆಯಾದ ವಾರದಲ್ಲೇ ಆ ಮೂಲೆ ಅಮ್ಮನ ಹೆಸರಾಯಿತು. ಬಲಗೈ ಸೊಂಟದ ಹೊರಗೆ, ಕೆಳಕ್ಕೆ, ಮೂಲೆಗೆ ಹೋಗಿ ಎರಡು ಬೆರಳಲ್ಲಿ ಏನೋ ಹೆಕ್ಕಿದಂತೆ ಮಾಡಿದರೆ ಅಂಬುಜ ಎಂದರ್ಥ. ಕೊನೆಗಾಲದ ಆಪರೇಷನ್ನಿಗೆ ಹೋಗುವ ಮುಂಚೆ ತೆಗೆದ ಈ ವಿಡಿಯೋದಲ್ಲಿ ಅಪ್ಪ ಅವಳನ್ನು ಹದಿನೇಳು ಸಲ ಕರೆಯುತ್ತಾನೆ. ಸಾರ ಕಡತದಲ್ಲಿ ಆ ಕೈ ಸೊಂಟದ ಹೊರಗೆ ಹೋಗುವುದೇ ಇಲ್ಲ.

ಅಮ್ಮ ಅಳಲಿಲ್ಲ. ಪರದೆ ಆರಿಸಿ, "ನನ್ ಗಂಡನ್ನ ವಾಪಸ್ ತಂದ್ಕೊಡು," ಎಂದಳು.

*

ಸೋಮವಾರ ಒಂಬತ್ತಕ್ಕೇ ಕೇಂದ್ರದಲ್ಲಿದ್ದೆ. ಕಡತಕ್ಕೆ ಬಂದ ಗುಣಮಟ್ಟದ ಅಂಕ ನೋಡಿದೆ. ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಮೂರು. ಕೆಳಗೆ ನನ್ನ ರುಜು. ಹಳೆಯದು ಅಳಿಯುವ ಸಮಯ: ಶನಿವಾರ ಸಂಜೆ ಐದು ಗಂಟೆ.

ನಿರ್ದೇಶಕ ಸಂಪತ್ಕುಮಾರ್ ಕೆಟ್ಟವರಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವರು, ನಿಯಮ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವರಲ್ಲ.

"ರೂಪಕಲಾ ಅವ್ರೇ, ತೊಂಬತ್ತೊಂಬತ್ತು ಪಾಯಿಂಟ್ ಮೂರು ಬಂದಿದೆ. ನಮ್ಮ ಕೇಂದ್ರದಲ್ಲೇ ಇಷ್ಟು ಬಂದಿರೋದು ಅಪರೂಪ. ಇದನ್ನ ಕೆಟ್ಟಿದೆ ಅಂತ ಹೇಗೆ ಬರೀಲಿ?"

"ಚಿತ್ರ ಕೆಟ್ಟಿಲ್ಲ ಸರ್. ಮಾತು ಕೆಟ್ಟಿದೆ."

"ಮಾತೇ ಇಲ್ವಲ್ಲ ಅದ್ರಲ್ಲಿ. ನೀವೇ ರುಜು ಹಾಕಿದೀರಿ."

ಕೆನ್ನೆಗೆ ಹೊಡೆದಂತಾಯಿತು. ಅವರು ಹಾಗೆ ಉದ್ದೇಶಿಸಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ರುಜುವಾದ ಕಡತವನ್ನು ಮತ್ತೆ ತೆರೆಯಬೇಕಾದರೆ ಹನ್ನೊಂದು ದೋಷಗಳ ಪಟ್ಟಿಯಲ್ಲಿ ಒಂದನ್ನು ಆರಿಸಬೇಕು. ಅರ್ಥ ಕೆಟ್ಟಿದೆ ಎನ್ನುವ ದೋಷ ಅದರಲ್ಲಿಲ್ಲ. ಮೇಲಿನವರಿಗೆ ಅರ್ಜಿ ಹಾಕಿದರೆ ಉತ್ತರಕ್ಕೆ ಮೂರು ತಿಂಗಳು, ಶನಿವಾರದ ಗಡಿಯಾರ ಅಲ್ಲಿಯವರೆಗೆ ಕಾಯುವುದಿಲ್ಲ.

"ಒಂದು ಪರೀಕ್ಷೆ ಮಾಡೋಣ ಸರ್," ಎಂದೆ. "ನಾಳೆ ಬೆಳಿಗ್ಗೆ ಒಬ್ಬರನ್ನ ಕರ್ಕೊಂಡ್ಬರ್ತೀನಿ."

ಮಂಗಳವಾರ ಹನ್ನೊಂದಕ್ಕೆ ಅಮ್ಮನೊಂದಿಗೆ ಅಂತೋಣಪ್ಪನವರು ಬಂದರು. ಆ ಆರು ಜನರಲ್ಲಿ ಉಳಿದಿರುವವರು ಇವರೊಬ್ಬರೇ, ಎಂಬತ್ತಮೂರು ವರ್ಷ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಮಡಚಿದ ಎಡಗೈ. ಮೊದಲು ಸಾರ ಕಡತ ಹಾಕಿದೆ. ನಾಲ್ಕು ನಿಮಿಷ ಮರ್ಯಾದೆಯಿಂದ ನೋಡಿದರು.

"ಕೈ ಲಕ್ಷಣವಾಗಿದೆ," ಎಂದು ಬಲಗೈಯಲ್ಲಿ ಹೇಳಿದರು, ನಾನು ನಿರ್ದೇಶಕರಿಗೆ ಬಾಯಲ್ಲಿ ಹೇಳಿದೆ. "ಚೆನ್ನಕೇಶವನ ಹಾಗೇ ಇದಾನೆ. ಏನೋ ಹೇಳ್ತಿರೋ ಹಾಗಿದೆ, ಆದ್ರೆ ಏನೂ ಹೇಳ್ತಿಲ್ಲ."

ಆಮೇಲೆ ಮೂಲ ಕಡತ ಹಾಕಿದೆ. ಹಸಿರು ತಿರುಗಿದ ಬಣ್ಣ, ಕಾಳುಕಾಳು ಚಿತ್ರ, ಪಕ್ಕದಲ್ಲಿ ಒಂದು ಗೆರೆ. ಅರ್ಧ ನಿಮಿಷವಾಗಿರಲಿಲ್ಲ, ಮುದುಕರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಮ್ಮನೂ ನಕ್ಕಳು. ನಿರ್ದೇಶಕರು ನನ್ನ ಮುಖ ನೋಡಿದರು.

"ಮಾಲೀಕರು ಬೋಳುತಲೆಗೆ ಹೊಸದಾಗಿ ಟೋಪನ್ ಹಾಕ್ಕೊಂಡು ಬಂದಿದ್ದರ ಕತೆ," ಎಂದೆ. "ಅವರು ಮುಂದೆ ನಿಂತು ಬೈತಾ ಇದ್ರೆ, ಇವರು ಆರೂ ಜನ ಎಡಗೈಲಿ ಪಟ್ಟಿ ಹಿಡ್ಕೊಂಡು ವಿಧೇಯರಾಗಿ ನಿಂತಿದ್ದಾರೆ. ಬಲಗೈಲಿ ಮಾತ್ರ ಮೊಳೆ ಹುಡುಕೋ ನೆಪದಲ್ಲಿ ಟೋಪನ್ ವಿಚಾರ ಮಾತಾಡ್ತಿದ್ದಾರೆ. ಮಾಲೀಕರ ಮುಂದೆನೇ."

ಅಂತೋಣಪ್ಪನವರು ಕಣ್ಣೊರೆಸಿಕೊಂಡು, "ಎಡಗೈನ ಸಂಬಳಕ್ಕೆ ಕೊಟ್ಟಿದ್ವಿ. ಬಲಗೈನ ಯಾವತ್ತೂ ಕೊಡ್ಲಿಲ್ಲ," ಎಂದರು.

ನಿರ್ದೇಶಕರಿಗೆ ಅರ್ಥವಾಯಿತು. ಅರ್ಥವಾದದ್ದೇ ಅವರಿಗೆ ಕಷ್ಟವಾಯಿತು, ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

"ಒಂದ್ ಕೆಲ್ಸ ಮಾಡೋಣ. ಇವರು ನೋಡಿ ಹೇಳ್ಲಿ, ನೀವು ಬರ್ಕೊಳ್ಳಿ. ಚಿತ್ರದ ಕೆಳಗಡೆ ಅಕ್ಷರದಲ್ಲಿ ಓಡಿಸೋಣ. ವಿಷಯ ಉಳಿಯುತ್ತಲ್ಲ?"

ನಾನು ಅಮ್ಮನಿಗೆ ಹೇಳಿದೆ. ಅವಳು ಎದ್ದು ನಿಂತು ಉತ್ತರ ಕೊಟ್ಟಳು. "ನಿಮ್ ತಾಯಿ ದನಿ ತೆಗೆದು, ಬೇರೆ ಯಾವಳದೋ ದನಿ ಹಾಕಿ, ಕೆಳಗೆ ಅಕ್ಷರ ಬರ್ದುಕೊಟ್ರೆ ಇಟ್ಕೋತೀಯಾ ಮಗೂ?"

ಮಗೂ ಎಂಬುದನ್ನೂ ನಾನು ಬಿಡದೆ ಹೇಳಿದೆ. ಸಂಪತ್ಕುಮಾರ್ "ನನ್ ಕೈಲಿಲ್ಲ ಅಮ್ಮಾ," ಎಂದರು. ಅದು ನಿಜವೇ ಆಗಿತ್ತು.

*

ಸಂಜೆ ನಾಲ್ಕರ ಹೊತ್ತಿಗೆ ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಕಾಳು ಹಿಸುಕುವಾಗ ಅವಳ ಹತ್ತಿರ ಮಾತಾಡಬಾರದು, ಎರಡೂ ಕೈ ಕೆಲಸದಲ್ಲಿರುತ್ತವೆ. ಆದರೂ ಅವಳೇ ಪಾತ್ರೆ ಸರಿಸಿ ಕೈ ಒರೆಸಿಕೊಂಡಳು.

"ಆ ಹನ್ನೊಂದು ಏನೇನು? ಓದು."

"ಅದ್ರಲ್ಲಿ ನಮ್ಗೆ ಬೇಕಾಗಿರೋದು ಇಲ್ಲಮ್ಮ."

"ಓದು ಅಂದ್ನಲ್ಲ."

ಸಿಟ್ಟಿನಿಂದಲೇ ಒಂದೊಂದಾಗಿ ಕೈಯಲ್ಲಿ ಹೇಳಿದೆ. ಬಣ್ಣ ಕೆಟ್ಟಿರುವುದು. ಚಿತ್ರ ನಡುಗುವುದು. ಮುಖ ಬದಲಾಗಿರುವುದು. ಅಕ್ಷರಗಳು ತಲೆಕೆಳಗಾಗಿರುವುದು. ಏಳನೆಯದಕ್ಕೆ ಬಂದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳು."

"ಯಂತ್ರವು ಮಾತಾಡುವವರ ಬಾಯಿಯನ್ನು ಗುರುತಿಸದೇ ಇರುವುದು. ಹಾಗಾದ್ರೆ ಪರೀಕ್ಷಕರೇ ಕೈಯಾರೆ ಚೌಕ ಹಾಕಿ ಬಾಯಿ ಅಂತ ಗುರುತು ಮಾಡಿ ಮತ್ತೆ ಪರಿವರ್ತನೆ ಮಾಡ್ಬಹುದು. ಅದು ನಮ್ಗಲ್ಲಮ್ಮ. ಅಪ್ಪ ಬಾಯಿಬಿಟ್ಟು ಮಾತಾಡ್ತಿರ್ಲಿಲ್ವಲ್ಲ."

ಅಮ್ಮ ನನ್ನನ್ನು ನೋಡಿದ ನೋಟವನ್ನು ಎಂದೂ ಮರೆಯುವುದಿಲ್ಲ. ಇಷ್ಟು ಓದಿಸಿದ್ದು ದಂಡವಾಯಿತಲ್ಲ ಎನ್ನುವ ನೋಟ.

"ಇಪ್ಪತ್ನಾಲ್ಕು ವರ್ಷ ನನ್ ಹತ್ರ ಮತ್ತೆ ಎಲ್ಲಿಂದ ಮಾತಾಡಿದ್ರು? ಮಿಷನ್‌ಗೆ ಬಾಯಿ ಎಲ್ಲಿದೆ ಅಂತ ಗೊತ್ತಿಲ್ಲ. ನಿಂಗೆ ಗೊತ್ತಲ್ಲ? ತೋರ್ಸು."

ಅಷ್ಟು ಹೇಳಿ ಮತ್ತೆ ಕಾಳು ಹಿಸುಕತೊಡಗಿದಳು. ನಾನು ಅಲ್ಲೇ ನೆಲದ ಮೇಲೆ ಕೂತು ಏಳನೆಯ ದೋಷದ ಸಾಲನ್ನು ಮತ್ತೊಮ್ಮೆ ಓದಿದೆ.

*

ಬುಧವಾರ ಬೆಳಿಗ್ಗೆ ಏಳನೆಯ ದೋಷ ಆರಿಸಿ ಕಡತ ತೆರೆದೆ. ಪರದೆಯ ಮೇಲೆ ಅಪ್ಪನ ಬಲಗೈ ಸುತ್ತ ಚೌಕ ಎಳೆದೆ. "ಇದು ಏನು?" ಎಂದು ಯಂತ್ರ ಕೇಳಿತು. "ಬಾಯಿ" ಎಂದು ಬರೆದೆ. ಯಂತ್ರ ಒಪ್ಪಿತು. ಯಂತ್ರಗಳದ್ದು ಇದೊಂದು ಒಳ್ಳೆಯ ಗುಣ, ಹೇಳಿಕೊಟ್ಟರೆ ಹಟ ಮಾಡುವುದಿಲ್ಲ. ಆದರೆ ಚೌಕ ತಾನಾಗಿ ಕೈಯನ್ನು ಹಿಂಬಾಲಿಸಲಿಲ್ಲ. ಮುಖ ಬಿಟ್ಟರೆ ಬೇರೆ ಕಡೆ ಬಾಯಿಯನ್ನು ಹಿಂಬಾಲಿಸಿ ಅದಕ್ಕೆ ಅಭ್ಯಾಸವಿರಲಿಲ್ಲ. ಮರುಕ್ಷಣ ಮೂಗಿನ ಕೆಳಗೆ ಓಡಿಹೋಗುತ್ತಿತ್ತು. ಸೆಕೆಂಡಿಗೆ ಒಂದರಂತೆ ಗುರುತು ಹಾಕುತ್ತಾ ಹೋದರೆ ಮಾತ್ರ ನಿಲ್ಲುತ್ತಿತ್ತು. ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಎಂದರೆ ನಲವತ್ತು ಸಾವಿರದ ಎಂಟುನೂರು ಗುರುತು. ಒಬ್ಬಳೇ ಕೂತರೆ ಶನಿವಾರವಲ್ಲ, ಆ ತಿಂಗಳೂ ಸಾಲದು.

ಅಮ್ಮನಿಗೆ ಸುದ್ದಿ ಕಳಿಸಿದೆ. ಗುರುವಾರ ಬೆಳಿಗ್ಗೆ ಕೇಂದ್ರದ ಬಾಗಿಲಲ್ಲಿ ಅಮ್ಮನ ಜೊತೆ ಎಂಟು ಹೆಂಗಸರು ನಿಂತಿದ್ದರು. ಅಂತೋಣಪ್ಪನವರ ಮಗಳು, ಕಿವುಡರ ಶಾಲೆಯ ಇಬ್ಬರು ಮೇಡಂಗಳು, ಹೊಲಿಗೆ ಅಂಗಡಿಯ ನಾಲ್ವರು, ಅಮ್ಮನ ಜೊತೆ ವಾಕಿಂಗ್ ಹೋಗುವ ಒಬ್ಬರು. ಮಗಳೊಬ್ಬಳನ್ನು ಬಿಟ್ಟರೆ ಎಲ್ಲರೂ ಕಿವುಡರು. ಕಾವಲಿನವನು ಏನು ಕೆಲಸ ಎಂದು ಕೇಳಿದ್ದಕ್ಕೆ ಎಂಟೂ ಜನ ಒಟ್ಟಿಗೇ ಕೈಯಲ್ಲಿ ಉತ್ತರ ಕೊಟ್ಟರಂತೆ. ಅವನು ಸುಮ್ಮನೆ ದಾರಿ ಬಿಟ್ಟ.

ಪರೀಕ್ಷಕರು ಸಹಾಯಕರನ್ನು ಕೂರಿಸಿಕೊಳ್ಳಬಹುದು ಎಂಬ ನಿಯಮವಿದೆ. ಹಬ್ಬದ ಸಾಲಿನಲ್ಲಿ ಕಡತಗಳು ಹೆಚ್ಚಾದಾಗ ಬಳಸುವ ನಿಯಮ. ಅದನ್ನು ಬಳಸಿ ಪರೀಕ್ಷಾ ಕೋಣೆಯ ಒಂಬತ್ತು ಪರದೆಗಳನ್ನೂ ಹಿಡಿದೆ. ಎಷ್ಟು ನಿಶ್ಶಬ್ದ, ಎಷ್ಟು ಗಲಾಟೆ! ಒಬ್ಬಳು ಗುರುತು ಹಾಕುತ್ತಾ ಬಲಗೈ ಎತ್ತಿ ಪಕ್ಕದವಳಿಗೆ ಏನೋ ಕೇಳುವಳು, ಅವಳು ಮೂರನೆಯವಳನ್ನು ಕೇಳುವಳು, ಕೊನೆಗೆ ಪ್ರಶ್ನೆ ಅಮ್ಮನ ಹತ್ತಿರ ಬರುವುದು. ಸಂಜೆಯ ಹೊತ್ತಿಗೆ ಹೊಲಿಗೆ ಅಂಗಡಿಯವರು ಎಡಗೈ ಎದೆಗೆ ಮಡಚಿಕೊಂಡು ಟೋಪನ್ನಿನ ಕತೆ ಹೇಳಿಕೊಂಡು ನಗುತ್ತಿದ್ದರು. ಅಪ್ಪನ ಮಾತು ಮೂವತ್ತಾರು ವರ್ಷದ ಮೇಲೆ ಹೊಸ ಕೈಗಳಿಗೆ ಬರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಸಂಪತ್ಕುಮಾರ್ ಬಾಗಿಲಲ್ಲಿ ನಿಂತರು. ಪರದೆಗಳನ್ನು ನೋಡಿದರು.

"ರೂಪಕಲಾ ಅವ್ರೇ, ಇದು ಸುಳ್ಳು ದಾಖಲೆ. ಗೊತ್ತಲ್ವಾ?"

"ಯಾವ್ದು ಸರ್ ಸುಳ್ಳು?"

"ಕೈಗೆ ಬಾಯಿ ಅಂತ ಬರೀತಿದೀರಿ."

"ಮೂರು ವಾರದ ಹಿಂದೆ ಮಾತಿಲ್ಲ ಅಂತ ರುಜು ಹಾಕಿದ್ನಲ್ಲ ಸರ್, ಅದು ಸುಳ್ಳು. ಅದಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಮೂರು ಕೊಟ್ರಿ."

"ನಾನು ವರದಿ ಬರೀಬೇಕಾಗುತ್ತೆ."

"ಬರೀರಿ ಸರ್. ನನ್ನ ಹೆಸರು ಸರಿಯಾಗಿ ಬರೀರಿ."

ಅವರು ಕರೆಂಟು ತೆಗೆಸಬಹುದಿತ್ತು. ತೆಗೆಸಲಿಲ್ಲ. ತಮ್ಮ ಕೋಣೆಗೆ ಹೋಗಿ ವರದಿ ಬರೆದರು, ಬರೆದು ಮುಗಿಸಿ ಎಲ್ಲರಿಗೂ ಕಾಫಿ ಕಳಿಸಿದರು. ಎರಡನ್ನೂ ನಾನು ನೆನಪಿಟ್ಟುಕೊಂಡಿದ್ದೇನೆ.

ಶನಿವಾರ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕೊನೆಯ ಗುರುತು ಬಿತ್ತು. ಪರದೆಯ ಮೇಲೆ ಪ್ರಮಾಣಪತ್ರ ಬಂತು: "ಮೇಲೆ ಗುರುತಿಸಿದ ಬಾಯಿಗಳು ಮಾತಾಡುವವರ ನಿಜವಾದ ಬಾಯಿಗಳೆಂದು ನಾನು ಪ್ರಮಾಣೀಕರಿಸುತ್ತೇನೆ." ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಓದದೆ ರುಜು ಹಾಕಿದ ಪ್ರಮಾಣಪತ್ರಗಳಿಗೆ ಲೆಕ್ಕವಿಲ್ಲ. ಇದನ್ನು ಎರಡು ಸಲ ಓದಿದೆ. ಒಂದಕ್ಷರವೂ ಸುಳ್ಳಿರಲಿಲ್ಲ. ರುಜು ಹಾಕಿದೆ.

ಐದಕ್ಕೆ ಐದು ನಿಮಿಷವಿದ್ದಾಗ ಹೊಸ ಸಾರ ಕಡತ ಹೊರಬಂತು. ಐದಕ್ಕೆ ಹಳೆಯದು ಅಳಿಯಿತು. ಇನ್ನು ಇರುವುದು ಇದೊಂದೇ. ಅಂಕ ಅರವತ್ತೊಂದು, ಅರವತ್ತರ ಕೆಳಗೆ ಬಂದಿದ್ದರೆ ಯಂತ್ರವೇ ತಿರಸ್ಕರಿಸುತ್ತಿತ್ತು. ಚಿತ್ರ ನೋಡಲು ವಿಚಿತ್ರವಾಗಿತ್ತು. ಗೋಡೆ ಹೊಳೆಯುತ್ತಿದೆ, ಅಂಗಿಯ ನೂಲು ಕಾಣುತ್ತಿದೆ, ಕೈಗಳಿರುವ ಕಡೆ ಮಾತ್ರ ಹಸಿರು ತಿರುಗಿದ, ಕಾಳುಕಾಳಾದ ಹಳೆಯ ಚೌಕ. ಪ್ರತಿ ಗುರುತಿನಲ್ಲೂ ಎಡಗೈಗೊಂದು ಚೌಕ ಸೇರಿಸಿದ್ದೆವು, ಹೆಬ್ಬೆರಳು ಒತ್ತಿಕೊಂಡೇ ಇತ್ತು.

ಅಮ್ಮ ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಳು. ಎರಡು ನಿಮಿಷವಾದ ಮೇಲೆ ಆ ಚೌಕ ಸೊಂಟದ ಹೊರಗೆ ಹೊರಟಿತು. ಕೆಳಕ್ಕೆ, ಬಲಗಡೆ ಮೂಲೆಗೆ ಹೋಗಿ, ಎರಡು ಬೆರಳಲ್ಲಿ ಹೆಕ್ಕಿತು.

"ಹ್ಞೂಂ, ಹೇಳಿ, ಇಲ್ಲೇ ಇದೀನಿ," ಎಂದಳು ಅಮ್ಮ.

ಆಗ ನಾನು ಅತ್ತೆ. ಒಂಬತ್ತು ಪರದೆಗಳ ಮುಂದಿದ್ದವರೆಲ್ಲ ಅತ್ತರು. ಅಮ್ಮ ಮಾತ್ರ ಅಳಲಿಲ್ಲ, ಅವಳಿಗೆ ಮಾತಾಡುವುದಿತ್ತು.

*

ವಿಚಾರಣೆ ಎರಡು ತಿಂಗಳ ಮೇಲೆ, ಕೇಂದ್ರದ ಸಭಾಂಗಣದಲ್ಲಿ. ರಾಜಧಾನಿಯಿಂದ ವಿಚಾರಣಾಧಿಕಾರಿ ವಾಗ್ದೇವಿ ಎಂಬ ಹೆಂಗಸು ಬಂದಿದ್ದರು. ಅಷ್ಟು ಹೊತ್ತಿಗೆ ಸುದ್ದಿ ಹರಡಿ, ಕಿವುಡರ ಮನೆಗಳಿಂದ ಏಳನೆಯ ದೋಷದ ಅರ್ಜಿಗಳು ನಾನೂರಕ್ಕೂ ಹೆಚ್ಚು ಬಂದಿದ್ದವು. ನಾನು ತಪ್ಪೊಪ್ಪಿಕೊಂಡರೆ ಅವೆಲ್ಲ ತಿರಸ್ಕಾರವಾಗುತ್ತವೆ, ಅಪ್ಪನ ಕಡತವೂ ಅಮಾನ್ಯವಾಗುತ್ತದೆ ಎಂದು ನನಗೆ ಗೊತ್ತಿತ್ತು. ಮೂಲ ಅಳಿದುಹೋಗಿದ್ದ ಮೇಲೆ ಅಮಾನ್ಯ ಎಂದರೆ ಅಪ್ಪನ ಕೈ ಎರಡನೆಯ ಸಲ, ಎಂದೆಂದಿಗೂ, ಹೋಗುವುದು.

ವಿಚಾರಣೆಯೂ ಸಾರ ಕಡತದಲ್ಲೇ ದಾಖಲಾಗುತ್ತದೆ. ಕ್ಯಾಮರಾದವನು ಎಲ್ಲರನ್ನೂ ಒಬ್ಬೊಬ್ಬರಾಗಿ ಪರದೆಗೆ ತಂದು, ಯಂತ್ರ ಬಾಯಿ ಹಿಡಿದಿದೆಯೇ ಎಂದು ನೋಡಿಕೊಂಡ. ಅಧಿಕಾರಿಗೆ ಚೌಕ ಬಿತ್ತು. ನನಗೆ, ಸಂಪತ್ಕುಮಾರ್‌ಗೆ ಬಿತ್ತು.

"ಕೈಯನ್ನ ಬಾಯಿ ಅಂತ ದಾಖಲೆ ಮಾಡಿದ್ದು ಹೌದಾ?" ಎಂದರು ಅಧಿಕಾರಿ.

"ಹೌದು ಮೇಡಂ."

"ಅದು ತಪ್ಪು ಅಂತ ಒಪ್ಕೋತೀರಾ?"

"ಇಲ್ಲ ಮೇಡಂ. ನನ್ ಸಾಕ್ಷಿನ ಕೇಳಿ. ಅವ್ರ ಮಾತನ್ನ ಅಂತೋಣಪ್ಪನವರ ಮಗಳು ನಿಮಗೆ ಹೇಳ್ತಾರೆ, ನಾನು ಹೇಳೋದು ಬೇಡ."

ಅಮ್ಮ ಬಂದು ಸಾಕ್ಷಿಯ ಕುರ್ಚಿಯಲ್ಲಿ ಕೂತಳು. ಕ್ಯಾಮರಾ ಅವಳ ಕಡೆ ತಿರುಗಿತು. ಚೌಕ ಅವಳ ಮುಚ್ಚಿದ ತುಟಿಗಳ ಮೇಲೆ ಕೂತು ಸ್ವಲ್ಪ ಹೊತ್ತು ಕಾಯಿತು. ದೊಡ್ಡ ಪರದೆಯ ಕೆಳಗೆ ಸಾಲು ಮೂಡಿತು: ಸಾಕ್ಷಿ ಅಂಬುಜಮ್ಮ, ಮಾತಿಲ್ಲ.

ಎಲ್ಲರೂ ಅದನ್ನು ಓದಿದರು. ಅಮ್ಮನೂ ಓದಿದಳು. ಗಂಡನಿಂದ ಅಕ್ಷರ ಕಲಿತವಳು, ತಲೆಕೆಳಗಾಗಿಟ್ಟರೂ ಓದುತ್ತಾಳೆ. ಅವಳು ಕುರ್ಚಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ಕ್ಯಾಮರಾದವನ ಮೇಜಿನ ಹತ್ತಿರ ನಡೆದಳು, ಕ್ಯಾಮರಾ ಅವಳನ್ನೇ ಹಿಂಬಾಲಿಸಿತು. ಅವನು ತಡೆಯಲು ಹೋಗಿ, ಅಧಿಕಾರಿಯ ಮುಖ ನೋಡಿ, ಸರಿದು ನಿಂತ. ಅಮ್ಮ ಪರದೆಯ ಮೇಲೆ ಬೆರಳಿಟ್ಟು ಆ ಚೌಕವನ್ನು ತನ್ನ ತುಟಿಯಿಂದ ಎಳೆದು ತಂದು ಬಲಗೈಯ ಮೇಲೆ ಬಿಟ್ಟಳು. ಇದು ಏನು ಎಂದು ಯಂತ್ರ ಕೇಳಿತು. ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದಳು.

ಕೆಳಗಿನ ಸಾಲು ಅಳಿಯಿತು.

ಅಮ್ಮ ವಾಪಸು ಬಂದು ಕೂತಳು. ಎಂದೂ ಮೊಳೆ ಜೋಡಿಸದ ತನ್ನ ಎಡಗೈಯನ್ನು ಎದೆಗೆ ಮಡಚಿಕೊಂಡು ಹೆಬ್ಬೆರಳು ಒತ್ತಿಕೊಂಡಳು. ಬಲಗೈ ಎತ್ತಿದಳು.

"ಈಗ ಕೇಳಿ," ಎಂದಳು, "ಏನ್ ಕೇಳ್ಬೇಕೋ."